ಕಲ್ಲುಕ್ ಎಂಬ ಹೆಸರು

ಎಲ್ಲರೂ ಮಾತಾಡಿ ಮುಗಿಸಿ, ಕೊನೆಗೆ ಲೀಟಿಯಾಳ ಮುಖ ನೋಡುತ್ತ ಕೂತರು. ಅವಳು ಕೈಯಲ್ಲಿದ್ದ ಚಹಾದ ಲೋಟ ನೋಡುತ್ತಿದ್ದಳು. ಪಕ್ಕದಲ್ಲಿ ಅವಳ ಮಗಳು, ಹದಿನೇಳರ ಕಲ್ಲುಕ್, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆಲೂಗಡ್ಡೆ ಚಿಪ್ಸ್ ತಿನ್ನುತ್ತಿದ್ದಳು. ಇಷ್ಟು ಹೊತ್ತು ನಡೆದ ಮಾತೆಲ್ಲ ತನ್ನ ಬಗ್ಗೆಯೇ ಎಂದು ಅವಳಿಗೂ ಗೊತ್ತಿತ್ತು. ಹಾಡು ಕೇಳುವವಳ ಹಾಗೆ ನಟಿಸುತ್ತಿದ್ದಳು, ಅಷ್ಟೆ.

ಉತ್ತರ ಧ್ರುವದ ಹತ್ತಿರದ ನಮ್ಮೂರಿನ ಬೇಟೆಗಾರರ ಸಂಘದ ಸಭೆಯ ಮುಂದಿದ್ದ ವಿಷಯ ಒಂದೇ. ಇಪ್ಪತ್ತು ತುಂಬದವರು ಸಮುದ್ರದ ಮಂಜುಗಡ್ಡೆಯ ಮೇಲೆ ಒಬ್ಬೊಬ್ಬರೇ ಬೇಟೆಗೆ ಹೋಗಕೂಡದು ಎಂದು ಕಟ್ಟು ಮಾಡುವುದೋ ಬೇಡವೋ. ಇದು ಯಾರೊಬ್ಬರನ್ನೂ ಕುರಿತದ್ದಲ್ಲ, ಎಲ್ಲರ ಮಕ್ಕಳಿಗೂ ಅನ್ವಯಿಸುವ ಮಾತು ಎಂದು ಅಧ್ಯಕ್ಷರು ಮೂರು ಸಲ ಹೇಳಿದರು. ನಾನೂರು ಜನರ ಊರಿನಲ್ಲಿ ಅಂಥ ಮಾತನ್ನು ಯಾರು ನಂಬುತ್ತಾರೆ? ಒಬ್ಬರೇ ಹೋಗುವಷ್ಟು ಬೇಟೆ ಬಲ್ಲ ಮಕ್ಕಳೆಂದು ನಮ್ಮಲ್ಲಿ ಉಳಿದಿದ್ದವಳೇ ಒಬ್ಬಳು.

ಕಟ್ಟು ಬೇಕೇ ಬೇಕು ಎಂದು ಹಟ ಹಿಡಿದವನು ಮುದುಕ ಪಾನಿಯಾಕ್. ಎಪ್ಪತ್ತೆಂಟು ವರ್ಷ, ಮೂರು ಬೆರಳು ಚಳಿಗೆ ಕೊಟ್ಟವನು, ಊರಲ್ಲಿ ಮಂಜುಗಡ್ಡೆಯ ವಿಷಯದಲ್ಲಿ ಅವನ ಮಾತಿಗೆ ಎದುರಾಡುವವರಿಲ್ಲ. ಮೇ ತಿಂಗಳಲ್ಲಿ ಮೇಲೆ ಹಿಮ ಹಾಸಿಕೊಂಡು ನೋಡಲಿಕ್ಕೆ ಎಲ್ಲ ಒಂದೇ ಥರ ಕಾಣುತ್ತದೆ, ಕೆಳಗಿನಿಂದ ನೀರಿನ ಸೆಳೆತ ಮಂಜನ್ನು ತಿನ್ನುತ್ತಲೇ ಇರುತ್ತದೆ, ಇಬ್ಬರಿದ್ದರೆ ಒಬ್ಬ ಬಿದ್ದಾಗ ಇನ್ನೊಬ್ಬ ಹಗ್ಗ ಎಸೆಯುತ್ತಾನೆ, ಒಬ್ಬನೇ ಇದ್ದರೆ ಹಗ್ಗ ಎಸೆಯುವವರು ಯಾರು ಎಂದು ಕೇಳಿದ. ಆಗ ಹಿಂದಿನ ಸಾಲಿನಿಂದ ಯಾರೋ, ಲೀಟಿಯಾಳ ಅಪ್ಪ ಹಿರಿಯ ಕಲ್ಲುಕ್ ಬದುಕಿದ್ದಷ್ಟು ದಿನ ಒಬ್ಬನೇ ಹೋಗಿ ಒಬ್ಬನೇ ಬರುತ್ತಿರಲಿಲ್ಲವೇ ಎಂದರು.

"ಒಬ್ಬನೇನಾ?" ಪಾನಿಯಾಕ್ ಹಿಂದಕ್ಕೆ ತಿರುಗಿದ. "ಅವನು ಯಾವತ್ತೂ ಒಬ್ಬನೇ ಹೋದವನಲ್ಲ ಕಣಯ್ಯ. ಬಂಡಿ ಎಳೆಯೋ ಏಳು ನಾಯಿ ಇರ್ತಿದ್ವು ಜೊತೇಲಿ. ಮಂಜು ತೆಳ್ಳಗಿದ್ರೆ ಮುಂದಿನ ನಾಯಿ ನಿಂತುಬಿಡೋದು. ಚಾವಟೀಲಿ ಹೊಡೆದ್ರೂ ಒಂದು ಹೆಜ್ಜೆ ಇಡ್ತಿರಲಿಲ್ಲ. ಈಗ ನೀವು ಹತ್ಕೊಂಡು ಹೋಗ್ತೀರಲ್ಲ ಪೆಟ್ರೋಲ್ ಗಾಡಿ, ಅದು ನಿಲ್ತದಾ?"

ನಾಯಿಗಳು ಹೋಗಿ ನಮ್ಮೂರಿಗೆ ಹಿಮದ ಮೇಲೆ ಓಡುವ ಗಾಡಿಗಳು ಬಂದು ಎಷ್ಟೋ ಕಾಲವಾಯಿತು. ಆಗಲೇ ತೀರ್ಮಾನವಾಗಿಬಿಡುತ್ತಿತ್ತೋ ಏನೋ. ಆದರೆ ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹೆಂಗಸು ಬಾಯಿ ತೆರೆದಳು. ಹೋದ ಚಳಿಗಾಲದಲ್ಲಿ ನಾವು ಇಬ್ಬರು ಹುಡುಗರನ್ನು ಹೂಳಿದ್ದೆವು. ಇಬ್ಬರೂ ತಮ್ಮ ತಮ್ಮ ಕೋಣೆಯಲ್ಲಿ, ತಾವಾಗಿಯೇ ಜೀವ ಕಳೆದುಕೊಂಡವರು. ಅವರಲ್ಲಿ ಒಬ್ಬನ ತಾಯಿ ಅವಳು.

"ನನ್ ಮಗ ಒಂದಿನಾನೂ ಮಂಜಿನ ಮೇಲೆ ಹೋಗ್ಲಿಲ್ಲ," ಎಂದಳು. "ಮನೇಲೇ ಇದ್ದ. ಬೆಚ್ಚಗಿದ್ದ."

ಅಷ್ಟು ಹೇಳಿ ಅವಳು ಹೊರಗೆ ಹೋದಳು. ಯಾರೂ ಅವಳ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಬೇಟೆಗೆ ಹೋಗುವ ಮಕ್ಕಳ ಕಣ್ಣಲ್ಲಿ ಒಂದು ಬೆಳಕಿರುತ್ತದೆ, ಅದು ನಮಗೆಲ್ಲ ಗೊತ್ತು. ಕಲ್ಲುಕಳ ಕಣ್ಣಲ್ಲಿ ಅದಿತ್ತು. ಅದನ್ನು ಆರಿಸುವ ಪಾಪ ಕಟ್ಟಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಪಾನಿಯಾಕ್ ಕೂಡ ತಲೆ ತಗ್ಗಿಸಿದ.

ನಮ್ಮ ಇನುಯಿಟ್ ಜನರಲ್ಲಿ ಕೈ ಎತ್ತಿಸಿ ಎಣಿಸುವುದು ಕಡಿಮೆ. ತಾಯಿಯಾದವಳು ಬೇಡ ಎಂದರೆ ಆಯಿತು, ಕಟ್ಟು ಮಾಡೋಣ, ಎಂದರು ಅಧ್ಯಕ್ಷರು. ಬಾಯಿ ಬಿಟ್ಟು ಹೇಳಬೇಕೆಂದೂ ಇರಲಿಲ್ಲ. ಹುಬ್ಬೇರಿಸಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ, ನಮ್ಮಲ್ಲಿ ಅಷ್ಟೇ ಸಾಕು. ಲೀಟಿಯಾ ಎರಡನ್ನೂ ಮಾಡಲಿಲ್ಲ.

"ನಮ್ಮಪ್ಪಂಗೆ ಬೇಟೆಗೆ ಹೋಗ್ಬೇಡ ಅಂತ ನಾನು ಹೇಳ್ಲಾ?" ಎಂದಳು.

ಬಿಗಿದುಕೊಂಡಿದ್ದ ಸಭೆಗೆ ಉಸಿರು ಬಂದಂತಾಯಿತು. ಎಲ್ಲರೂ ನಕ್ಕರು. ನಾವೂ ನಕ್ಕೆವು, ಈಗ ನೆನೆದರೆ ನಾಚಿಕೆಯಾಗುತ್ತದೆ. ವಿಷಯವನ್ನು ಶರತ್ಕಾಲದ ಸಭೆಗೆ ಮುಂದೂಡಿ, ಉಳಿದ ಚಹಾ ಕುಡಿದು ಎದ್ದೆವು.

ಅವಳು ತಮಾಷೆಗೆ ಹೇಳಿದ್ದಲ್ಲ. ಲೀಟಿಯಾಳ ಅಪ್ಪ, ಹಿರಿಯ ಕಲ್ಲುಕ್, ಸಾಯುವಾಗ ಅವಳು ಆರು ತಿಂಗಳ ಬಸುರಿ. ಹೆಸರುವಾಸಿ ಬೇಟೆಗಾರ. ಹಾಸಿಗೆ ಹಿಡಿದ ಮೇಲೆ ಅವನದು ಒಂದೇ ಗೋಳು, ಕಾಲು ತಣ್ಣಗಾಗುತ್ತಿದೆ ಎಂದು. ಕೊನೆಯ ದಿನ ಮಗಳನ್ನು ಕರೆದು, ನಿನ್ನ ಮನೆಯಲ್ಲಿ ನನಗೊಂದು ಬೆಚ್ಚನೆಯ ಜಾಗ ಮಾಡು, ಬರುತ್ತೇನೆ, ಎಂದಿದ್ದ. ಮೂರು ತಿಂಗಳಿಗೆ ಹೆಣ್ಣು ಹುಟ್ಟಿತು. ಹೆಣ್ಣೋ ಗಂಡೋ, ಹೆಸರಿಗೆ ಅದರ ಹಂಗಿಲ್ಲ. ಕಲ್ಲುಕ್ ಎಂದು ಹೆಸರಿಟ್ಟರು, ಹೆಸರಿನ ಜೊತೆ ಅಪ್ಪ ಮನೆಗೆ ಬಂದ.

ಅಂದಿನಿಂದ ಲೀಟಿಯಾ ಮಗಳನ್ನು ಕರೆದದ್ದು "ಅಪ್ಪ" ಎಂದೇ. ಮಗು ಕಲಿತ ಮೊದಲ ಮಾತು "ಮಗಳೇ". ಅಜ್ಜಿ ಬದುಕಿದ್ದಷ್ಟು ದಿನ ಆ ಮಗುವನ್ನು "ನಮ್ಮ ಯಜಮಾನ್ರು" ಎಂದು ಕರೆಯುತ್ತ, ಮಾಂಸದ ಒಳ್ಳೆಯ ತುಂಡನ್ನು ಮೊದಲು ಅದರ ತಟ್ಟೆಗೆ ಹಾಕುತ್ತಿದ್ದಳು. ಲೀಟಿಯಾಳ ಅಣ್ಣ ಎನೂಸಿ ಮಗುವಿಗೆ ಹುಡುಗರ ಹಾಗೆ ಕೂದಲು ಕತ್ತರಿಸಿ, ಐದನೇ ವರ್ಷಕ್ಕೇ ಜಾರುಬಂಡಿಯ ಮೇಲೆ ಕೂರಿಸಿಕೊಂಡು ಹೊರಟ. ಅವನಿಗೂ ಅವಳು ಅಪ್ಪನೇ. ನೀನೇ ನನಗೆ ಕಲಿಸಿದ್ದು, ಮರೆತುಹೋಗಿರಬೇಕು, ಜ್ಞಾಪಿಸುತ್ತೇನೆ, ಎನ್ನುತ್ತ ಬಂದೂಕು ಹಿಡಿಯುವುದನ್ನು ಹೇಳಿಕೊಟ್ಟ. ಹಿರಿಯ ಕಲ್ಲುಕನ ಜೊತೆ ಬೇಟೆಯಾಡಿ ಬೆಳೆದ ಪಾನಿಯಾಕ್ ಮಾತ್ರ ಅವಳನ್ನು ಕಂಡಲ್ಲೆಲ್ಲ ಕೀಟಲೆ ಮಾಡುತ್ತಿದ್ದ. ಏನೋ ಮುದುಕ, ನನ್ನ ಚಾಕು ಯಾವಾಗ ವಾಪಸು ಕೊಡ್ತೀಯ, ಎಂದು ಮೂರು ವರ್ಷದ ಮಗುವಿನ ಹತ್ತಿರ ಜಗಳ ತೆಗೆಯುತ್ತಿದ್ದ. ಮಗುವೂ ಬಿಡದೆ, ನೀನೇ ಕದ್ದೆ ಎನ್ನುತ್ತಿತ್ತು. ಹಳೆಯ ಜೊತೆಗಾರರು ಒಬ್ಬರಿಗೊಬ್ಬರು ಆಡಬೇಕಾದ ಮಾತೇ ಅದು.

ಹಾಗೆ ಬೆಳೆದ ಮಗುವಿಗೆ ಲೀಟಿಯಾ ಒಂದು ದಿನವೂ ಗದರಲಿಲ್ಲ. ಹಿರಿಯರ ಹೆಸರು ಹೊತ್ತ ಮಗುವನ್ನು ಬೈದರೆ ಹೆಸರು ನೊಂದುಕೊಳ್ಳುತ್ತದೆ, ನೊಂದ ಹೆಸರು ಬಿಟ್ಟುಹೋದರೆ ಮಗು ಕಾಯಿಲೆ ಬೀಳುತ್ತದೆ. ಶಾಲೆಯ ಕಿಟಕಿ ಒಡೆದಾಗ ದಕ್ಷಿಣದಿಂದ ಬಂದಿದ್ದ ಮೇಷ್ಟ್ರು ತಾಯಿಯನ್ನು ಕರೆಸಿ ಅರ್ಧ ಗಂಟೆ ಬುದ್ಧಿ ಹೇಳಿದರು. ಅವಳು ಎಲ್ಲ ಕೇಳಿಸಿಕೊಂಡು ಮನೆಗೆ ಬಂದು ಅಪ್ಪನಿಗೆ ಚಹಾ ಮಾಡಿಕೊಟ್ಟಳು. ಮೇಷ್ಟ್ರಿಗೆ ಅದು ಗೊತ್ತಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ನಮಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಈ ವರ್ಷ ಜನವರಿಯಲ್ಲಿ ಎನೂಸಿಯ ಶ್ವಾಸಕೋಶ ಕೆಟ್ಟು, ವಿಮಾನದಲ್ಲಿ ಒಟ್ಟಾವಾದ ಆಸ್ಪತ್ರೆಗೆ ಕಳಿಸಿದರು. ಲೀಟಿಯಾಳ ಗಂಡ ಬೇರೆ ಊರಿನವನು, ಬಿಟ್ಟುಹೋಗಿ ಹತ್ತು ವರ್ಷದ ಮೇಲಾಗಿತ್ತು. ಮನೆಯಲ್ಲಿ ಬೇಟೆಗಾರ ಎಂದು ಉಳಿದದ್ದು ಕಲ್ಲುಕ್ ಒಬ್ಬಳೇ. ಅಲ್ಲಿಯವರೆಗೆ ಅವಳು ಸೋದರಮಾವನ ಬೆನ್ನ ಹಿಂದಲ್ಲದೆ ಊರಿನ ಮೂಲೆಬಂಡೆ ದಾಟಿದವಳಲ್ಲ. ಇದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಏಪ್ರಿಲ್ ಹೊತ್ತಿಗೆ ಊರ ಹಿರಿಯರು ರೇಡಿಯೋದಲ್ಲಿ ಶುರುಮಾಡಿದರು. ಅಂಗಡಿಯ ಕೋಳಿ ತಿಂದು ತಿಂದು ಬಾಯಿ ಕೆಟ್ಟಿದೆ, ಸಮುದ್ರದ ಸೀಲ್ ಪ್ರಾಣಿಯ ಹಸಿ ಮಾಂಸ ಕಾಣದೆ ಎಷ್ಟು ದಿನವಾಯಿತು, ಕಲ್ಲುಕ್ ಯಾವಾಗ ಹೊರಡುತ್ತಾನಂತೆ. ಸಭೆಯಲ್ಲಿ ಅಷ್ಟೆಲ್ಲ ಚರ್ಚೆಯಾದ ಮೇಲಂತೂ ಅವಳು ಹೋಗದಿದ್ದರೆ ಹೆದರಿದಳು ಎಂದೇ ಅರ್ಥ.

ಸಭೆಯಾದ ಮೂರನೆಯ ದಿನ ಬೆಳಿಗ್ಗೆ ಗಾಳಿ ನಿಂತಿತ್ತು. ಮೇ ತಿಂಗಳ ಸೂರ್ಯ ಎರಡು ಗಂಟೆಗೇ ಎದ್ದು ಕೂತಿದ್ದ. ಲೀಟಿಯಾ ಏಳಕ್ಕೆ ಎದ್ದು ಬಾಣಲೆಯಲ್ಲಿ ರೊಟ್ಟಿ ಕರಿದು, ಥರ್ಮಾಸಿಗೆ ಚಹಾ ತುಂಬಿದಳು. ಹೊರಗೆ ಗಾಡಿಯ ಹಿಂದೆ ಕಟ್ಟಿದ ಜಾರುಬಂಡಿಯ ಮೇಲೆ ಎಲ್ಲ ಅಣಿಯಾಗಿತ್ತು. ಬಂದೂಕು, ಮಂಜು ಕುಟ್ಟಿ ನೋಡುವ ಕಬ್ಬಿಣದ ಕೋಲು, ಪೆಟ್ರೋಲ್ ಡಬ್ಬಿ, ಬಿಸಿಲು ಕಾಯುವ ಸೀಲಿನ ಹತ್ತಿರ ಮರೆಯಲ್ಲಿ ತೆವಳಿಕೊಂಡು ಹೋಗಲು ಕಟ್ಟಿಗೆಗೆ ಬಿಗಿದ ಬಿಳಿ ಬಟ್ಟೆ. ಕಟ್ಟಿದ್ದ ಹಗ್ಗವನ್ನು ಕಲ್ಲುಕ್ ಬಿಚ್ಚಿದಳು, ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿದಳು. ಕಿಟಕಿಯಿಂದ ಲೀಟಿಯಾ ಅದನ್ನು ನೋಡಿದಳು. ಅಪ್ಪ ಎಷ್ಟು ಜೋಪಾನ ಎಂದುಕೊಂಡಳಂತೆ.

ಆಮೇಲೆ ಕಲ್ಲುಕ್ ಒಳಗೆ ಬಂದು ಬಾಗಿಲ ಹತ್ತಿರ ನಿಂತಳು. ಬೂಟು ಬಿಚ್ಚಲಿಲ್ಲ. ಕೈಗವಸು ಒಮ್ಮೆ ಹಾಕಿಕೊಳ್ಳುವುದು, ಒಮ್ಮೆ ತೆಗೆಯುವುದು. ಲೀಟಿಯಾ ರೊಟ್ಟಿಯ ಪೊಟ್ಟಣ ಕಟ್ಟಿ ಕೊಟ್ಟರೂ ಅವಳು ಹೋಗಲಿಲ್ಲ.

"ಅಮ್ಮ," ಎಂದಳು.

ಆ ಮನೆಯಲ್ಲಿ ಆ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ. ಶಾಲೆಯಲ್ಲಿ ಬೇರೆ ಮಕ್ಕಳು ಕರೆಯುವುದನ್ನು ನೋಡಿ ಆರೋ ಏಳೋ ವರ್ಷದವಳಿದ್ದಾಗ ಎರಡು ದಿನ ಹಾಗೆ ಕರೆದಿದ್ದಳು, ಅಜ್ಜಿ ನಕ್ಕು ಬಿಡಿಸಿದ್ದಳು. ಲೀಟಿಯಾ ಬೆಚ್ಚಿ ತಿರುಗಿದಳು.

"ಇವತ್ತು ಹೋಗ್ಲಾ, ಬೇಡ್ವಾ?"

ಲೀಟಿಯಾಳಿಗೆ ಇದು ಯಾವುದೋ ಹೊಸ ಕೀಟಲೆ ಅನ್ನಿಸಿತು. ಮುದುಕರು ಕೆಲವು ಸಲ ಹಾಗೆ, ಮಕ್ಕಳಾಗಿ ಬಂದ ಮೇಲೆ ಮಕ್ಕಳಾಟ ಆಡುತ್ತಾರೆ. ಅವಳಿಗೆ ನಗು ಬಂತು.

"ಅದನ್ನ ನನ್ನ ಕೇಳ್ತೀಯಾ ಅಪ್ಪ? ನಿಂಗೆ ಗೊತ್ತಿಲ್ದೇ ಇರೋದು ನಂಗೇನು ಗೊತ್ತು," ಎಂದಳು.

ಕಲ್ಲುಕ್ ಕೈಗವಸು ಹಾಕಿಕೊಂಡಳು. ಆಮೇಲೆ ಅವಳೂ ನಕ್ಕು, ಹುಬ್ಬೇರಿಸಿ, "ಸರಿ ಮಗಳೇ, ಬರ್ತೀನಿ," ಎಂದು ರೊಟ್ಟಿಯ ಪೊಟ್ಟಣ ತೆಗೆದುಕೊಂಡು ಹೋದಳು. ಗಾಡಿಯ ಸದ್ದು ಮೂಲೆಬಂಡೆ ಸುತ್ತಿ ದೂರವಾಗುವವರೆಗೂ ಕೇಳುತ್ತಿತ್ತು.

ನಮ್ಮೂರಿನ ಪ್ರತಿ ಅಡುಗೆಮನೆಯಲ್ಲೂ ವಯರ್‌ಲೆಸ್ ಪೆಟ್ಟಿಗೆ ಇರುತ್ತದೆ, ಇಡೀ ದಿನ ಬಾಯಿ ತೆರೆದುಕೊಂಡೇ ಇರುತ್ತದೆ. ಬೇಟೆಗೆ ಹೋದವರು ಮಾತಾಡಿದರೆ ಊರಿಗೆಲ್ಲ ಕೇಳುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಕಲ್ಲುಕಳ ದನಿ ಬಂತು. ಎರಡು ಸೀಲ್ ಸಿಕ್ಕಿವೆ, ಒಂದು ಚೆನ್ನಾಗಿ ಕೊಬ್ಬಿದೆ, ಹೊರಟಿದ್ದೇನೆ ಎಂದಳು. ಮನೆಮನೆಯಲ್ಲೂ ಜನ ಖುಷಿಯಿಂದ ಕೂಗಿಕೊಂಡರು. ಲೀಟಿಯಾ ನೆಲದ ಮೇಲೆ ರಟ್ಟು ಹಾಸಿ, ಮಾಂಸ ಕೊಯ್ಯುವ ಅರ್ಧಚಂದ್ರದ ಕತ್ತಿಯನ್ನು ಮಸೆಯಲು ಕೂತಳು.

ಆಗ ಪಾನಿಯಾಕ್ ತನ್ನ ಮನೆಯಿಂದ ಮಾತಾಡಿದ. ಅವನ ಎದೆಯಲ್ಲಿ ಹೆದರಿಕೆ ಇತ್ತು, ಆಮೇಲೆ ಅವನೇ ಹೇಳಿಕೊಂಡ. ಆದರೆ ಹಳೆಯ ಜೊತೆಗಾರನಿಗೆ ಊರೆಲ್ಲ ಕೇಳುವಂತೆ ಬುದ್ಧಿ ಹೇಳುವುದು ಹೇಗೆ? ಹದಿನಾಲ್ಕು ವರ್ಷದಿಂದ ಅವಳ ಜೊತೆ ಆಡಿದ್ದು ಒಂದೇ ಥರದ ಮಾತು. ಬಾಯಿಗೆ ಬಂದದ್ದೂ ಅದೇ.

"ಏ ಮುದುಕ, ಎರಡು ದ್ವೀಪದ ಸಂದೀಲಿ ಅಡ್ಡ ಹಾಯ್ಬೇಡ. ಅಲ್ಲಿ ನೀನು ಬಿದ್ದಾಗ ಜುಟ್ಟು ಹಿಡಿದು ಎತ್ತಿದ್ದು ಮರೆತ್ಯಾ?"

"ಬಿದ್ದಿದ್ದು ನೀನು, ಎತ್ತಿದ್ದು ನಾನು," ಎಂದಳು ಕಲ್ಲುಕ್. "ನಿನ್ನ ಮೂರು ಬೆರಳು ಇನ್ನೂ ಅಲ್ಲೇ ಇರ್ಬೇಕು. ಸಿಕ್ರೆ ತರ್ತೀನಿ."

ಊರಿಗೆ ಊರೇ ನಕ್ಕಿತು. ಒಳ್ಳೆಯ ಉತ್ತರ. ಪಾನಿಯಾಕ್ ಕೂಡ ನಕ್ಕ. ನಗುತ್ತಲೇ ಇನ್ನೊಂದು ಸಲ ಹೇಳಬೇಕೆಂದು ಗುಂಡಿ ಒತ್ತಿದವನು, ಅತಿಯಾಯಿತು ಅನ್ನಿಸಿ ಕೈ ಬಿಟ್ಟ.

ದ್ವೀಪಗಳನ್ನು ಸುತ್ತಿ ಬಂದರೆ ಮೂರು ಗಂಟೆಯ ದಾರಿ, ಸಂದಿಯಲ್ಲಿ ಹಾಯ್ದರೆ ಒಂದು ಗಂಟೆ ಉಳಿಯುತ್ತದೆ. ಆರಾಯಿತು, ಏಳಾಯಿತು. ಕರೆದರೆ ಉತ್ತರವಿಲ್ಲ. ಎಂಟಕ್ಕೆ ಗಂಡಸರು ಗಾಡಿ ಹತ್ತಿದರು. ಪಾನಿಯಾಕ್‌ನನ್ನು ಯಾರೂ ಕರೆಯಲಿಲ್ಲ, ಅವನಾಗಿಯೇ ಬಂದು ಒಬ್ಬನ ಹಿಂದೆ ಕೂತ.

ಸಂದಿಯ ನಡುವೆ, ಬೆಳ್ಳನೆಯ ಹಿಮದಲ್ಲಿ ಒಂದು ಕೋಣೆಯಷ್ಟು ಅಗಲ ಕಪ್ಪು ನೀರು ತೆರೆದುಕೊಂಡಿತ್ತು. ಅಂಚಿನಲ್ಲಿ ಜಾರುಬಂಡಿ ನಿಂತಿತ್ತು, ಅದರ ಮೇಲೆ ಎರಡು ಸೀಲುಗಳು ಕಟ್ಟಿದ ಹಾಗೇ ಇದ್ದವು. ಗಾಡಿಗೂ ಬಂಡಿಗೂ ಬಿಗಿದಿದ್ದ ಹಗ್ಗ ಹರಿದುಹೋಗಿತ್ತು. ನೀರಿನ ಇನ್ನೊಂದು ಅಂಚಿನಲ್ಲಿ, ಎರಡು ತೋಳು ಚಾಚಿದಷ್ಟು ಅಗಲಕ್ಕೆ, ಹಿಮವೆಲ್ಲ ಕೆದರಿ ಕೆಳಗಿನ ಮಂಜು ಕಾಣುತ್ತಿತ್ತು. ತುಂಬ ಹೊತ್ತು ಕೆದರಿದ ಗುರುತು. ಅದನ್ನು ಲೀಟಿಯಾಳಿಗೆ ನಾವು ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

ಎಂಟು ದಿನ ಹುಡುಕಿದೆವು. ವಿಮಾನ ಬಂತು, ಹೆಲಿಕಾಪ್ಟರ್ ಬಂತು. ಉದ್ದನೆಯ ಕೊಕ್ಕೆಗಳನ್ನು ಮಾಡಿ ಮಂಜಿನ ಕೆಳಗೆ ಇಳಿಬಿಟ್ಟು ನೋಡಿದೆವು. ಸೆಳೆತ ಯಾವತ್ತೋ ಅವಳನ್ನು ಒಯ್ದಾಗಿತ್ತು. ಒಂಬತ್ತನೆಯ ದಿನ ಕೈಚೆಲ್ಲಿ ವಾಪಸು ಬಂದೆವು.

ಆ ಎರಡು ಸೀಲುಗಳನ್ನು ಮಾತ್ರ ಮೊದಲ ದಿನವೇ ಪಾನಿಯಾಕ್ ಎಳೆದು ತಂದು ಲೀಟಿಯಾಳ ಬಾಗಿಲಲ್ಲಿ ಇಳಿಸಿದ್ದ. ಬೇಟೆಗಾರ ತಂದದ್ದನ್ನು ಹಂಚದೆ ಇಡುವ ಹಾಗಿಲ್ಲ. ಲೀಟಿಯಾ ಹಾಸಿಟ್ಟಿದ್ದ ರಟ್ಟಿನ ಮೇಲೇ ಅವನ್ನು ಕೊಯ್ದಳು. ಪಿತ್ತಕೋಶ ಒಡೆಯದಂತೆ, ಚರ್ಮಕ್ಕೆ ಕತ್ತಿ ತಾಗದಂತೆ, ಎಂದಿನ ಹಾಗೆ ಚೊಕ್ಕವಾಗಿ. ಪ್ರತಿ ಮನೆಯವರೂ ಬಂದು ತಮ್ಮ ಪಾಲು ತೆಗೆದುಕೊಂಡು ಹೋದೆವು. ಎಷ್ಟು ಬೇಡಿಕೊಂಡಿದ್ದ ಮಾಂಸ. ತಿಂದೆವು, ಬಿಸಾಡುವಂತಿರಲಿಲ್ಲ.

ಲೀಟಿಯಾ ಅಳಲಿಲ್ಲ. ಒಟ್ಟಾವಾದಿಂದ ಎನೂಸಿ ಫೋನು ಮಾಡಿ ಅತ್ತ, ಅವಳು ಕೇಳಿಸಿಕೊಂಡಳು. ಚರ್ಚಿನವರು ಬಂದರು, ಅವರಿಗೆ ಚಹಾ ಮಾಡಿಕೊಟ್ಟಳು. ದುಃಖದಲ್ಲಿದ್ದಾಳೆ, ಆದರೆ ನಮ್ಮಂಥವರಿಗೆ ಒಂದು ಆಸರೆ ಇದ್ದೇ ಇದೆಯಲ್ಲ ಎಂದು ನಾವು ಮಾತಾಡಿಕೊಂಡೆವು. ಹೆಸರು ಹೊರಗೆ ಚಳಿಯಲ್ಲಿದೆ, ಒಂದು ಮಗು ಹುಟ್ಟಿದರೆ ಒಳಗೆ ಬರುತ್ತದೆ, ಆಗ ಲೀಟಿಯಾಳ ಕಣ್ಣಲ್ಲಿ ನೀರೂ ಬರುತ್ತದೆ, ನಗುವೂ ಬರುತ್ತದೆ. ಎಷ್ಟೋ ಸಾವುಗಳನ್ನು ನಾವು ದಾಟಿದ್ದು ಹಾಗೆಯೇ.

ಮಗುವೂ ಹುಟ್ಟಿತು. ಲೀಟಿಯಾಳದು ಒಂದೇ ಮಾಡಿನ ಕೆಳಗಿನ ಜೋಡಿ ಮನೆ, ನಡುವೆ ಹಲಗೆಯ ಗೋಡೆ. ಆಚೆ ಮನೆಯ ಊಲಿ ಹೆರಿಗೆಗೆಂದು ದೊಡ್ಡ ಊರಿಗೆ ಹೋಗಿದ್ದಳು. ನಾವು ಹುಡುಕುವುದನ್ನು ನಿಲ್ಲಿಸಿದ ದಿನವೇ ಅವಳಿಗೆ ಗಂಡುಮಗುವಾಯಿತು. ದಿನ ಕೇಳಿದ ಕೂಡಲೇ ಊರಿನವರಿಗೆ ಇನ್ನೇನೂ ಬೇಕಿರಲಿಲ್ಲ. ಜೂನ್ ಕೊನೆಗೆ ಊಲಿ ವಿಮಾನ ಇಳಿದವಳು ಮಗುವನ್ನು ಮೇಲಂಗಿಯ ಬೆನ್ನಿಗೆ ಹೊಲಿದ ದೊಡ್ಡ ಟೋಪಿಯಲ್ಲಿ ಹೊತ್ತುಕೊಂಡು ನೇರ ಲೀಟಿಯಾಳ ಮನೆಗೆ ಹೋದಳು. ಸತ್ತವರ ಹತ್ತಿರದವರನ್ನು ಕೇಳದೆ ಹೆಸರು ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳುವುದು ಒಂದು ಮರ್ಯಾದೆ, ಇಲ್ಲ ಎಂದವರನ್ನು ಯಾರೂ ಕಂಡಿರಲಿಲ್ಲ.

ಲೀಟಿಯಾ ಮಗುವಿನ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಮೂಗು ಸುಕ್ಕಿಸಿದಳು.

ಇಲ್ಲ ಎಂದದ್ದು ಊಲಿಗೆ ನಂಬಲಾಗಲಿಲ್ಲ. ಇನ್ನೊಂದು ಸಲ ಕೇಳಿದಳು. ಲೀಟಿಯಾ ಎದ್ದು ಬಾಗಿಲು ತೆರೆದು ಹಿಡಿದಳು.

ಮಗುವಿಗೆ ಸದ್ಯಕ್ಕೆ ಚರ್ಚಿನ ಪುಸ್ತಕದಿಂದ ಒಂದು ಹೆಸರು ಬರೆಸಿದರು. ಅಂದಿನಿಂದ ಮಗು ಅಳಲು ಶುರುಮಾಡಿತು. ಹಾಲು ಕುಡಿಯುತ್ತದೆ, ಅಳುತ್ತದೆ, ಸುಸ್ತಾಗಿ ಮಲಗಿ ಎದ್ದು ಮತ್ತೆ ಅಳುತ್ತದೆ. ನರ್ಸ್ ನೋಡಿ ಏನೂ ಆಗಿಲ್ಲ ಎಂದಳು. ತನ್ನದಲ್ಲದ ಹೆಸರು ಹೊತ್ತ ಮಗು ಅಳುತ್ತದೆ ಎಂಬುದು ನರ್ಸಿಗೆ ಗೊತ್ತಿರಲಿಲ್ಲ, ಬೇರೆ ಎಲ್ಲರಿಗೂ ಗೊತ್ತಿತ್ತು. ಹತ್ತು ದಿನ ನೋಡಿ, ಕೊನೆಗೆ ಪಾನಿಯಾಕ್‌ನನ್ನು ಲೀಟಿಯಾಳ ಹತ್ತಿರ ಕಳಿಸಿದರು.

ಅವನು ಬಂದು ಮೇಜಿನ ಮುಂದೆ ಕೂತು ಎರಡು ಲೋಟ ಚಹಾ ಕುಡಿದ. ಗೋಡೆಯಾಚೆ ಮಗು ಅಳುತ್ತಿತ್ತು.

"ಅವನು ಚಳೀಲಿದಾನೆ ಲೀಟಿಯಾ," ಎಂದ. "ನೀರಲ್ಲಿ. ಕಾಲು ತಣ್ಣಗಾದ್ರೆ ಅವನಿಗೆ ಆಗ್ತಿರಲಿಲ್ಲ, ನಿಂಗೇ ಗೊತ್ತು. ಒಳಗೆ ಕರ್ಕೊ."

"ಅವನಲ್ಲ," ಎಂದಳು ಲೀಟಿಯಾ. "ಅವಳು."

ಅವಳು ಹಾಗೆ ಹೇಳಿದ್ದು ಅದೇ ಮೊದಲು. ಆಮೇಲೆ ಆ ಬೆಳಗಿನದನ್ನೆಲ್ಲ ಅವನಿಗೆ ಹೇಳಿದಳು, ಹಗ್ಗ ಕಟ್ಟಿ ಬಿಚ್ಚಿದ್ದು, ಬೂಟು ಬಿಚ್ಚದೆ ಬಾಗಿಲಲ್ಲಿ ನಿಂತದ್ದು. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಬೇರೆ ಯಾರದೋ ಮನೆಯ ಕಥೆ ಹೇಳಿದಂತೆ ಹೇಳಿದಳು.

"ಅಮ್ಮ ಅಂದ್ಲು. ಬೇಡ ಅನ್ನಿಸ್ಕೊಳ್ಳೋಕೆ ಬಂದಿದ್ಲು. ಹದಿನೇಳು ವರ್ಷಕ್ಕೆ ಒಂದ್ಸಲ ಮಗಳಾಗಿ ಬಂದು ಕೇಳಿದ್ಲು. ನಾನು ನಕ್ಬಿಟ್ಟೆ."

ಪಾನಿಯಾಕ್ ತನ್ನ ಉಳಿದ ಏಳು ಬೆರಳುಗಳನ್ನು ಲೋಟದ ಸುತ್ತ ಸುತ್ತಿಕೊಂಡು ಕೂತಿದ್ದ. ನಾನೂ ನಕ್ಕೆ, ಅಂದ ಕೊನೆಗೆ. ಗುಂಡಿ ಒತ್ತಿ ಬಿಟ್ಟ ವಿಷಯವನ್ನೂ ಹೇಳಿದ. ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಲು ಹೋಗಲಿಲ್ಲ.

ಹೊರಡುವಾಗ ಅವನು ಬಾಗಿಲಲ್ಲಿ ನಿಂತು ಕೊನೆಯ ಸಲ ಕೇಳಿದ. ಹೆಸರು ಕೊಡದೆ ಬಿಟ್ಟರೆ ಅದು ಅಲ್ಲೇ ಕೊನೆಯಾಗುತ್ತದೆ, ಅಪ್ಪನೂ ಇಲ್ಲ ಮಗಳೂ ಇಲ್ಲ, ಇನ್ನು ಯಾವತ್ತೂ ಬರುವುದಿಲ್ಲ. ಅದು ಗೊತ್ತಿದೆ ತಾನೆ?

"ಗೊತ್ತು," ಎಂದಳು. "ಊಲಿ ಆ ಹುಡುಗನ್ನ ಮಗನೇ ಅಂತ ಕರೀಲಿ. ಬೈಲಿ. ಬೇಕಾದ್ರೆ ಬಾಗಿಲು ಹಾಕಿ ಕೂರಿಸ್ಲಿ."

ಮರುದಿನ ಮಧ್ಯಾಹ್ನ ಅವಳು ಕಿಟಕಿಯ ಹತ್ತಿರ ಕೂತು ಒಂದು ಚರ್ಮ ಹೆರೆಯುತ್ತಿದ್ದಳು. ಮಂಜೆಲ್ಲ ಒಡೆದು ಕೊಲ್ಲಿಯ ತುಂಬ ನೀರು ಬಂದಿತ್ತು. ಆಚೆ ಮನೆಯಲ್ಲಿ ಮಗು ಬೆಳಗಿನಿಂದ ಬಿಟ್ಟೂಬಿಡದೆ ಅಳುತ್ತಿತ್ತು. ಊಲಿ ಅದನ್ನು ಎತ್ತಿಕೊಂಡು ಅತ್ತಿಂದಿತ್ತ ಓಡಾಡುವುದು ಹಲಗೆಯ ನೆಲದ ಮೇಲೆ ಕೇಳುತ್ತಿತ್ತು. ಆಮೇಲೆ ಓಡಾಟ ನಿಂತಿತು. ಊಲಿ ಮಗುವಿಗೆ ಹೆಸರುಗಳನ್ನು ಹೇಳಲು ಶುರುಮಾಡಿದಳು. ಹೀಗೆ ಅಳುವ ಮಗುವಿಗೆ ಸತ್ತವರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾರೆ, ತನ್ನದು ಬಂದಾಗ ಅದು ಸುಮ್ಮನಾಗುತ್ತದೆ.

ಮೊದಲು ತನ್ನ ಅಜ್ಜಿಯ ಹೆಸರು ಕರೆದಳು. ಮಗು ಅತ್ತಿತು. ದೋಣಿ ಮಗುಚಿ ಹೋದ ಚಿಕ್ಕಪ್ಪನ ಹೆಸರು, ಕೆಮ್ಮಿನಲ್ಲಿ ಹೋದವರ ಹೆಸರು, ಒಬ್ಬರಾದ ಮೇಲೆ ಒಬ್ಬರು. ಒಂದೊಂದು ಹೆಸರಾದ ಮೇಲೂ ಸ್ವಲ್ಪ ನಿಲ್ಲಿಸಿ ಕಾಯುತ್ತಿದ್ದಳು. ಲೀಟಿಯಾ ಹೆರೆಯುವುದನ್ನು ಬಿಟ್ಟಳು. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಊಲಿಯ ದನಿ ಬತ್ತುತ್ತ ಬಂದಿತ್ತು. ಊರಿನ ಸತ್ತವರೆಲ್ಲ ಮುಗಿಯುತ್ತ ಬಂದಿದ್ದರು, ಕೇಳಿ ಸಿಗದ ಒಂದು ಹೆಸರು ಬಿಟ್ಟು. ಊಲಿ ನಿಲ್ಲಿಸಿದಳು, ಮಗು ಅಳುತ್ತಲೇ ಇತ್ತು, ಊಲಿ ಮತ್ತೆ ಅಜ್ಜಿಯ ಹೆಸರಿನಿಂದ ಶುರುಮಾಡಿದಳು.